ಪಾವಗಡದ ಧೂಳಿಗೂ ಒಂದು ಲ್ಯಾಬ್ ಬೇಕು

ಮಾನ್ಯರೇ,

ನಮ್ಮ ಪಾವಗಡ ತಾಲ್ಲೂಕಿನ ತಿರುಮಣಿ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಸೋಲಾರ್ ಪ್ಯಾನೆಲ್. ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ, 2,050 ಮೆಗಾವಾಟ್. ಇದೆಲ್ಲ ಕಂಪನಿಗಳ ಸಾಧನೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಆದರೆ ಕೆಲವು ವರ್ಷಗಳ ಹಿಂದಿನವರೆಗೂ ಜಗತ್ತಿನ ಕಾರ್ಖಾನೆಗಳು ಜಾಸ್ತಿ ತಯಾರಿಸುತ್ತಿದ್ದ ‘ಪರ್ಕ್’ ಎಂಬ ಬಗೆಯ ಸೋಲಾರ್ ಸೆಲ್ (ಪ್ಯಾನೆಲ್‌ನೊಳಗೆ ಬಿಸಿಲನ್ನು ಕರೆಂಟ್ ಮಾಡುವ ಬಿಲ್ಲೆ) ಹುಟ್ಟಿದ್ದು 1980ರ ದಶಕದಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ. ಕಂಪನಿಗಳು ಅದನ್ನು ದೊಡ್ಡದಾಗಿ ಕೈಗೆತ್ತಿಕೊಳ್ಳಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಲಾಭ ಕಾಣದೆ ಅಷ್ಟು ದಿನ ಯಾವ ಕಂಪನಿ ಕಾಯುತ್ತದೆ? ಸರ್ಕಾರ ಸಂಶೋಧನೆಗೆ ಕೊಡುವ ಜನರ ದುಡ್ಡೇ ಕಾಯಬೇಕು, ಅಲ್ವಾ?

ನಮ್ಮ ಜಿಲ್ಲೆಯ ಕಬ್ಬಿಗೆರೆಯಲ್ಲಿ ಸೌದೆಯಿಂದ ಗ್ಯಾಸ್ ಮಾಡಿ ಕರೆಂಟ್ ತೆಗೆದರು. ಆ ತಂತ್ರವೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದೇ.

ಈಗ ಪಾವಗಡದ ಧೂಳಿನ ಮಾತು. ಬೇಸಿಗೆಯಲ್ಲಿ ಪ್ಯಾನೆಲ್ ಮೇಲೆ ಬೆರಳು ಎಳೆದರೆ ಗೆರೆ ಮೂಡುತ್ತದೆ. ಧೂಳು ಕೂತರೆ ಕರೆಂಟ್ ಕಡಿಮೆ. ತೊಳೆಯೋಣವೆಂದರೆ ಕುಡಿಯುವ ನೀರಿಗೇ ಪರದಾಡುವ ಸೀಮೆ ಇದು. ನೀರಿಲ್ಲದೆ, ಗಾಜು ಗೀಚದೆ ಒರೆಸುವ ಅಗ್ಗದ ದಾರಿ ಹುಡುಕಲು ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ಸರ್ಕಾರ ಹಣ ಕೊಡಲಿ. ಒಂದೆರಡು ವರ್ಷಕ್ಕಲ್ಲ, ಕನಿಷ್ಠ ಹತ್ತು ವರ್ಷಕ್ಕೆ.

– ಒಬ್ಬ ಓದುಗ, ಪಾವಗಡ