ಚಿಕ್ಕಪ್ಪನ ಕಾಲಿನ ಹುಣ್ಣು, ನಿನ್ನ ಕೈ ತುರಿಕೆ

ಬ್ರಿಸ್ಬೇನ್

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ಇಲ್ಲಿ ನಾವೆಲ್ಲ ಕ್ಷೇಮ. ಅವ್ವನ ಮಂಡಿನೋವು ಇಳಿದಿದೆ ಅಂತ ಅತ್ತಿಗೆ ಹೇಳಿದ್ರು, ಸಮಾಧಾನ ಆಯ್ತು. ನೀನು ಕಳಿಸಿದ ಎರಡೂ ಫೋಟೊ ನೋಡಿದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತೆ ಅಂತ ಬರೆಯುತ್ತಿದ್ದೇನೆ. ನಿನ್ನ ಕೈ ಇನ್ನೆರಡು ವಾರ ಕಾಯಬಹುದು, ಚಿಕ್ಕಪ್ಪನ ಕಾಲು ಕಾಯುವಂಥದ್ದಲ್ಲ. ಅದಕ್ಕೇ ಮೊದಲು ಕಾಲಿನ ವಿಷಯ.

ಮಂಡಕ್ಕಿ ಭಟ್ಟಿಯಲ್ಲಿ ಅವರ ಕಾಲು ಸುಟ್ಟು ಇಪ್ಪತ್ತೈದು ವರ್ಷದ ಮೇಲಾಯ್ತು. ಅದೇ ಹಳೇ ಕಲೆಯ ನಡುವೆ ಈಗ ಹುಣ್ಣೆದ್ದಿದೆ, ಎರಡು ತಿಂಗಳಾದರೂ ಮಾಗಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿದೆ: ಹುಣ್ಣಿನ ಅಂಚು ರೊಟ್ಟಿಯ ಅಂಚು ಮಡಚಿದ ಹಾಗೆ ದಪ್ಪಗೆ ಮೇಲೆದ್ದಿದೆ, ಒಂದು ಕಡೆ ಹೂಕೋಸಿನಂಥ ಸಣ್ಣ ಗುಳ್ಳೆಗಳಿವೆ. ಬಟ್ಟೆ ತಾಗಿದರೂ ರಕ್ತ ಬರುತ್ತೆ, ವಾಸನೆ ಇದೆ ಅಂತಲೂ ನೀನೇ ಹೇಳಿದ್ದೀಯ. ಹಳೇ ಸುಟ್ಟ ಕಲೆಯ ಮೇಲೆ ಇಂಥ ಹುಣ್ಣಾದರೆ ಸಕ್ಕರೆ ಕಾಯಿಲೆ ಅಂತಲೋ ನಂಜು ಅಂತಲೋ ಸುಮ್ಮನಿರಬಾರದು. ಸುಟ್ಟ ಕಲೆಯಲ್ಲಿ ಹತ್ತಾರು ವರ್ಷದ ನಂತರ ಹುಟ್ಟುವ ಕ್ಯಾನ್ಸರ್‌ಗೆ ವೈದ್ಯರು ಮಾರ್ಜೋಲಿನ್ ಹುಣ್ಣು ಅಂತಾರೆ. ಇಲ್ಲಿನ ಬಿಳಿಯರಿಗೆ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಬಿಸಿಲಿನಿಂದ ಬರುತ್ತೆ. ನಮ್ಮ ಮೈಬಣ್ಣದವರಲ್ಲಿ ಅದು ಕಡಿಮೆ. ಆದರೆ ಹಳೇ ಗಾಯದ ಕಲೆ, ಅಂಗಾಲು, ಉಗುರು, ಇಲ್ಲೆಲ್ಲ ಬರಬಹುದು, ಯಾರೂ ಅಲ್ಲಿ ನೋಡುವುದಿಲ್ಲವಾದ್ದರಿಂದ ತಡವಾಗಿ ಸಿಗುತ್ತೆ. ಸುಟ್ಟೇ ಇರಬೇಕು ಅಂತಿಲ್ಲ. ವರ್ಷಗಟ್ಟಲೆ ಒಲೆಯ ಕಾವು ಬಡಿದವರ ಮೊಣಕಾಲ ಕೆಳಗೆ ಬಲೆಯ ಹಾಗೆ ಕಂದು ಗೆರೆ ಬೀಳುತ್ತಲ್ಲ, ಅಲ್ಲೂ ಅಪರೂಪಕ್ಕೆ ಹೀಗಾಗುತ್ತೆ. ಭಟ್ಟಿಯ ಉಳಿದವರ ಕಾಲನ್ನೂ ಒಮ್ಮೆ ನೋಡಲು ಹೇಳು.

ಫೋಟೊ ನೋಡಿ ಕ್ಯಾನ್ಸರ್ ಅಂತ ಯಾರೂ ಹೇಳಬಾರದು, ನಾನೂ ಹೇಳುತ್ತಿಲ್ಲ. ಚೂರು ತೆಗೆದು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗೋದು. ದಾವಣಗೆರೆಯ ಚಿಗಟೇರಿ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರ್ಕೊಂಡು ಹೋಗಿ ಬಯಾಪ್ಸಿ ಆಗಬೇಕು ಅಂತ ನೀನೇ ಬಾಯಿಬಿಟ್ಟು ಕೇಳು. ಮರಗಟ್ಟಲು ಸೂಜಿ ಕೊಟ್ಟು ಮೂರು-ನಾಲ್ಕು ಮಿಲಿಮೀಟರ್ ಚೂರು ತೆಗೆಯುತ್ತಾರೆ. ಹುಣ್ಣಿನ ನಡುವೆ ಬರೀ ಸತ್ತ ಮಾಂಸ ಇರುತ್ತೆ, ಅಲ್ಲಿಂದ ತೆಗೆದರೆ ರೋಗ ತಪ್ಪಿಹೋಗಬಹುದು. ಮೇಲೆದ್ದ ಅಂಚಿನಿಂದ, ಒಂದಕ್ಕಿಂತ ಹೆಚ್ಚು ಕಡೆ ತೆಗೆದರೆ ಒಳ್ಳೆಯದು. ತೊಡೆ ಸಂದಿಯಲ್ಲಿ ಗಂಟು ಇದೆಯಾ ಅಂತಲೂ ನೋಡಿಸು. ರಿಪೋರ್ಟ್‌ನಲ್ಲಿ ಏನೂ ಇಲ್ಲ ಅಂತ ಬಂದು ಹುಣ್ಣು ಮಾತ್ರ ಹಾಗೇ ಇದ್ದರೆ ಮತ್ತೊಮ್ಮೆ ತೆಗೆಸಬೇಕು. 'ಕತ್ತರಿ ಹಾಕಿದರೆ ಹರಡುತ್ತೆ' ಅಂತ ಚಿಗವ್ವ ಹೆದರಿದ್ದಾರಂತೆ. ಚೂರು ತೆಗೆದದ್ದಕ್ಕೆ ಇದು ಹರಡುವುದಿಲ್ಲ, ತೆಗೆಯದೆ ಬಿಟ್ಟರೆ ಬೆಳೆಯುತ್ತೆ. ಬೇಗ ಸಿಕ್ಕರೆ ಅಷ್ಟು ಭಾಗ ಕತ್ತರಿಸಿ ಬೇರೆ ಕಡೆಯ ಚರ್ಮ ಕೂರಿಸಿ ಮುಗಿಸುತ್ತಾರೆ, ಮೂಳೆಗಿಳಿದರೆ ಕಾಲೇ ಹೋಗಬಹುದು. ಅವರಿಗೆ ಇದನ್ನು ಮೆತ್ತಗೆ ಹೇಳು, ಆದರೆ ಹೇಳು.

ಇನ್ನು ನಿನ್ನ ಕೈ. ಬೆರಳ ಸಂದಿ, ಮುಂಗೈ ಬಿರಿದು ನೀರು ಸೋರುವುದು ಗಾರೆ ಕೆಲಸದ ಸಿಮೆಂಟಿಂದೇ ಇರಬೇಕು. ಕಲಸಿದ ಸಿಮೆಂಟಿನ ಕ್ಷಾರ ಪಿಎಚ್ 12ರಿಂದ 13, ಅದು ಚರ್ಮವನ್ನು ತಿನ್ನುತ್ತೆ. ಅದರ ಜೊತೆ ಸಿಮೆಂಟಿನಲ್ಲಿ ನೀರಿಗೆ ಕರಗುವ ಬಗೆಯ ಕ್ರೋಮಿಯಂ ಅನ್ನೋ ಲೋಹ ಇದೆ, ಅದಕ್ಕೆ ಮೈ ಒಗ್ಗದಾದರೆ ಅಲರ್ಜಿ ಶುರುವಾಗುತ್ತೆ. ಆಮೇಲೆ ಚಿಟಿಕೆ ಸಿಮೆಂಟ್ ತಾಗಿದರೂ ಸಾಕು. ಯುರೋಪಿನಲ್ಲಿ 2005ರಿಂದ ಈ ಕ್ರೋಮಿಯಂ ಹತ್ತು ಲಕ್ಷಕ್ಕೆ ಎರಡು ಪಾಲು ಮೀರಬಾರದು ಅಂತ ಕಾನೂನಿದೆ, ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿ ಅದನ್ನು ಇಳಿಸುತ್ತಾರೆ.

ಚರ್ಮದ ಗ್ಲೌಸ್ ಹಾಕಬೇಡ, ಆ ಚರ್ಮ ಹದ ಮಾಡುವುದೇ ಹೆಚ್ಚಾಗಿ ಕ್ರೋಮಿಯಂನಲ್ಲಿ. ಮೊಣಕೈವರೆಗೆ ಬರುವ ನೈಟ್ರೈಲ್ ಗ್ಲೌಸ್, ಒಳಗೆ ತೆಳು ಹತ್ತಿಯದು ಇರಲಿ. ಗ್ಲೌಸಿನೊಳಗೆ ಗಾರೆ ಹೊಕ್ಕರೆ ಬರಿಗೈಗಿಂತ ಕೆಟ್ಟದ್ದು, ತಕ್ಷಣ ತೆಗೆದು ತೊಳೆ. ಬೂಟಿನೊಳಗೆ ಕಾಂಕ್ರೀಟ್ ಹೋದರೂ ಅಷ್ಟೇ. ಮೊದಲು ಉರಿಯುವುದಿಲ್ಲ, ಸಂಜೆ ನೋಡಿದರೆ ಚರ್ಮ ಬೆಂದಿರುತ್ತೆ. ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ತೊಳೆಯಬೇಕು. ಬಣ್ಣ ಬಿಡಿಸಲು ಥಿನ್ನರು, ಸೀಮೆಎಣ್ಣೆ ಕೈಗೆ ಹಚ್ಚಬೇಡ. ಸಂಜೆ ಕೈ ಒರೆಸಿ, ಇನ್ನೂ ತೇವ ಇರುವಾಗಲೇ ವ್ಯಾಸಲೀನ್ ಹಚ್ಚು.

ಮೆಡಿಕಲ್ ಶಾಪಿನವರು ಕೇಳಿದ ತಕ್ಷಣ ಕೊಡುವ ಟ್ಯೂಬಿನ ಬಗ್ಗೆ ನನಗೆ ತುಂಬ ಬೇಸರವಿದೆ. ಸ್ಟೀರಾಯ್ಡ್, ಹುಳುಕಡ್ಡಿ ಔಷಧಿ, ಆಂಟಿಬಯಾಟಿಕ್ ಮೂರೂ ಒಂದರಲ್ಲೇ ಬೆರೆತಿರುತ್ತೆ. ನಾಲ್ಕು ದಿನ ತುರಿಕೆ ನಿಲ್ಲುತ್ತೆ, ಹುಳುಕಡ್ಡಿ ಇದ್ದರೆ ಒಳಗೊಳಗೇ ಹಬ್ಬುತ್ತೆ, ಚರ್ಮ ತೆಳುವಾಗುತ್ತೆ, ಡಾಕ್ಟರಿಗೂ ರೋಗದ ಮೂಲ ಕಾಣದಂತಾಗುತ್ತೆ. ಅದನ್ನು ಬಿಟ್ಟು ಪ್ಯಾಚ್ ಟೆಸ್ಟ್ ಮಾಡಿಸು. ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸಿ 48 ಗಂಟೆ ಬಿಡುತ್ತಾರೆ, ಬೆನ್ನು ಒದ್ದೆ ಆಗಬಾರದು, ಬೆವರುವ ಕೆಲಸವೂ ಬೇಡ. ಪಟ್ಟಿ ತೆಗೆದ ದಿನ ಒಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎರಡನೆಯ ಸಲ ತಪ್ಪಿಸಬೇಡ, ಅಲರ್ಜಿ ಅವತ್ತೇ ಮೊದಲ ಸಲ ಕಾಣಿಸಿಕೊಳ್ಳಬಹುದು. ಕ್ರೋಮಿಯಂ ಜೊತೆ ಕಾಂಗ್ರೆಸ್ ಗಿಡಕ್ಕೂ ಪಟ್ಟಿ ಇದೆಯಾ ಕೇಳು. ಹೊಲದ ಬದುವಿನ ತುಂಬ ಅದೇ ಇದೆಯಲ್ಲ, ಅದರ ಒಣಗಿದ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಕೂತು ತುರಿಸುತ್ತೆ. ಕೀಳುವುದಿದ್ದರೆ ಹೂ ಬಿಡುವ ಮೊದಲೇ, ತುಂಬುತೋಳಿನ ಅಂಗಿ ಹಾಕಿಕೊಂಡು.

ಅತ್ತಿಗೆಗೂ ಅವ್ವನಿಗೂ ಒಂದು ಮಾತು: ತಲೆಸ್ನಾನದ ದಿನ ಬೆಳಗಿನ ಬೆಳಕಿನಲ್ಲಿ ಅಂಗಾಲು, ಬೆರಳ ಸಂದಿ, ಉಗುರು ನೋಡಿಕೊಳ್ಳಲಿ. ಉಗುರಿನಲ್ಲಿ ಕಪ್ಪು ಗೆರೆ ಅಗಲವಾಗುತ್ತಾ ಪಕ್ಕದ ಚರ್ಮಕ್ಕೂ ಕಪ್ಪು ಹರಡಿದರೆ, ಮಚ್ಚೆ ಪೆನ್ಸಿಲಿನ ಹಿಂತುದಿಗಿಂತ ದೊಡ್ಡದಾಗಿ ಅಂಚು ವಕ್ರವಾದರೆ, ಬಣ್ಣ ಎರಡು-ಮೂರಾದರೆ ತೋರಿಸಬೇಕು. ಲಂಗದ ಲಾಡಿ ಬಿಗಿದಲ್ಲಿ ಸೊಂಟದ ಚರ್ಮ ದಪ್ಪಗಾಗಿ ಹುಣ್ಣಾಗುತ್ತಿದ್ದರೂ ಅಷ್ಟೇ, ಅಲ್ಲೂ ಕ್ಯಾನ್ಸರ್ ಆದದ್ದುಂಟು. ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು ಫೋಟೊ ತೆಗೆದಿಟ್ಟರೆ ತಿಂಗಳ ನಂತರ ಬೆಳೆದಿದೆಯಾ ಗೊತ್ತಾಗುತ್ತೆ.

ಆಸ್ಪತ್ರೆಗೆ ಹೋಗುವಾಗ ಚಿಕ್ಕಪ್ಪನ ಹಳೇ ಚೀಟಿಗಳು, ಇಬ್ಬರೂ ಹಚ್ಚಿದ ಟ್ಯೂಬಿನ ಖಾಲಿ ಡಬ್ಬಿಗಳು ಎಲ್ಲ ಒಂದೇ ಚೀಲದಲ್ಲಿ ಹಾಕಿಕೋ. ಅವರದು ಭಟ್ಟಿ ಕೆಲಸ, ನಿನ್ನದು ಗಾರೆ ಕೆಲಸ ಅಂತ ಓಪಿಡಿ ಚೀಟಿಯಲ್ಲಿ ಬರೆಸು. ಯುಗಾದಿಗೆ ಕೆಲಸ ಬಿಟ್ಟ ದಿನಗಳಲ್ಲಿ ಕೈ ಕಡಿಮೆ ಆಗಿತ್ತಾ ಅಂತ ಡಾಕ್ಟರು ಕೇಳಬಹುದು, ನೆನಪು ಮಾಡಿಕೊಂಡಿರು. ಚೂರು ತೆಗೆದ ದಿನವೇ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಅವ್ವ, ಚಿಕ್ಕಪ್ಪ, ಚಿಗವ್ವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ