ಕೆರೆಯ ಮೀನು: ಸರ್ಕಾರ ಬಲೆ ಹಿಡಿಯುವುದು ಬೇಡ

ಮಾನ್ಯ ಸಂಪಾದಕರೇ,

ಮೀನುಗಾರಿಕೆಯನ್ನು ಸರ್ಕಾರವೇ ಪೂರ್ತಿಯಾಗಿ ವಹಿಸಿಕೊಂಡರೆ, ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಕೊಳ್ಳುವ ಗುತ್ತಿಗೆದಾರರ ಕಾಟ ತಪ್ಪುತ್ತದೆ ಎಂಬ ಮಾತು ಈಚೆಗೆ ನಮ್ಮ ಕಡೆಯ ಸಭೆಗಳಲ್ಲಿ ಕೇಳಿಬರುತ್ತಿದೆ. ಕೋಲಾರ ತಾಲ್ಲೂಕಿನ ಮೀನುಗಾರರ ಸಹಕಾರ ಸಂಘವೊಂದರ ಲೆಕ್ಕವನ್ನು ಹನ್ನೊಂದು ವರ್ಷ ಬರೆದವಳು ನಾನು. ಆ ಕಾಟ ನನಗೂ ಗೊತ್ತು. ಆದರೂ ಈ ಮಾತನ್ನು ಒಪ್ಪಲಾರೆ.

ಕಳೆದ ಮಳೆಗಾಲದಲ್ಲಿ ಮೂರು ದಿನ ಸೂರ್ಯ ಕಾಣದಂತೆ ಮೋಡ ಕವಿದಿತ್ತು. ನಾಲ್ಕನೆಯ ದಿನ ಬೆಳಗಿನ ಜಾವ ನಮ್ಮ ಯಜಮಾನರು ಕೆರೆಯಿಂದ ಓಡಿಬಂದರು. ಹೋಗಿ ನೋಡಿದರೆ ಕಾಟ್ಲಾ ಮೀನುಗಳು ಮೇಲೆ ತೇಲಿ, ಬಾಯಿ ತೆರೆದು ಮುಚ್ಚಿ ಉಸಿರಿಗೆ ಒದ್ದಾಡುತ್ತಿದ್ದವು. ಬಿಸಿಲಿಲ್ಲದೆ ಹಗಲು ಸಾಕಷ್ಟು ಆಮ್ಲಜನಕ ಬಿಡದ ಪಾಚಿಯೇ ರಾತ್ರಿಯೆಲ್ಲ ನೀರಿನ ಆಮ್ಲಜನಕ ಹೀರಿತ್ತು. ಹುಡುಗರು ಎರಡು ಡೀಸೆಲ್ ಪಂಪ್ ಹೊತ್ತು ತಂದು, ಕೆರೆಯ ನೀರನ್ನೇ ಎತ್ತಿ ಮತ್ತೆ ಕೆರೆಗೇ ಚಿಮ್ಮಿಸಿದರು. ಬಿಸಿಲೇರುವ ಹೊತ್ತಿಗೆ ಉಳಿದ ಮೀನು ಕೆಳಗಿಳಿಯಿತು. ಕಚೇರಿಯ ಬೀಗ ತೆಗೆಯುವ ಮೊದಲೇ ಇದೆಲ್ಲ ನಡೆದುಹೋಯಿತು. ಕಡತಕ್ಕೆ ಸಹಿ ಬೀಳುವವರೆಗೆ ಕಾದಿದ್ದರೆ ಒಂದು ಮೀನೂ ಉಳಿಯುತ್ತಿರಲಿಲ್ಲ.

ಸರ್ಕಾರ ಮಾಡಬೇಕಾದ ಕೆಲಸ ಬೇರೆಯೇ ಇದೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡೇ ಹಂತದಲ್ಲಿ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಬಿರುಕು ಬಿಟ್ಟಿದ್ದ ಕೆರೆಗೆ ಮತ್ತೆ ತೆಪ್ಪ ಇಳಿಸಿದ್ದು ಆ ನೀರಿನಿಂದಲೇ. ಆ ಋಣ ಮರೆತಿಲ್ಲ. ಆದರೆ ಪಾಚಿಗೆ ಗೊಬ್ಬರವಾಗುತ್ತಿರುವುದೂ ಅದೇ ನೀರು. ಆ ಗೊಬ್ಬರದ ಅಂಶ ತೆಗೆಯುವ ಮೂರನೇ ಹಂತದ ಶುದ್ಧೀಕರಣ ನಮ್ಮ ಸಂಘದಿಂದ ಆಗುವ ಮಾತೇ? ನೀರನ್ನು ಆಗಾಗ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವವರನ್ನು ಹಿಡಿಯಲಿ. ಒಳ್ಳೆಯ ಬಿತ್ತನೆ ಮರಿಯನ್ನು ಹೊತ್ತಿಗೆ ಸರಿಯಾಗಿ ಕೊಡಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದಂತೆ ತಡೆಯುವುದು ಸರ್ಕಾರವೇ. ಆಗಸ್ಟ್‌ನಲ್ಲಿ ಬಲೆ ಬೀಸುವವರು ಮೊಗವೀರರು, ಖಾರ್ವಿಗಳು. ಆ ಕೆಲಸದ ಹಂಚಿಕೆ ಸರಿಯಾಗಿದೆ.

ಗುತ್ತಿಗೆದಾರರ ವಿಷಯಕ್ಕೆ ಬರುತ್ತೇನೆ. ನೀರು ಬಂದ ಮೇಲಿನ ಮೊದಲ ಹರಾಜಿನಲ್ಲೇ ನಮ್ಮ ಕೆರೆ ಹೊರಗಿನವರ ಪಾಲಾಯಿತು. ಐದು ವರ್ಷದ ಗುತ್ತಿಗೆ. ತಲೆತಲಾಂತರದಿಂದ ಆ ಕೆರೆಯನ್ನೇ ನಂಬಿದ್ದ ಬೆಸ್ತರು ಅಲ್ಲೇ ದಿನಗೂಲಿಗೆ ಬಲೆ ಎಳೆದರು. ಕೊನೆಯ ವರ್ಷ ಗುತ್ತಿಗೆದಾರರು ಸಣ್ಣ ಕಣ್ಣಿನ ಬಲೆ ಹಾಕಿಸಿ ಬೆರಳುದ್ದದ ಮರಿಯನ್ನೂ ಬಾಚಿಕೊಂಡು ಹೋದರು. ಮುಂದೆ ಆ ಕೆರೆಯಲ್ಲಿ ಬದುಕಬೇಕಿಲ್ಲದವರು ಮರಿಯನ್ನೇಕೆ ಉಳಿಸುತ್ತಾರೆ?

ಇದಕ್ಕೆ ಮದ್ದು ಹರಾಜು ನಿಲ್ಲಿಸುವುದು. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ ವಿಷಯಗಳ ಪೈಕಿ ಮೀನುಗಾರಿಕೆಯೂ ಇದೆ. ಕೆರೆ ಸಾರ್ವಜನಿಕ ಆಸ್ತಿಯಾಗಿಯೇ ಇರಲಿ. ಮೀನು ಹಿಡಿಯುವ ಹಕ್ಕನ್ನು ಮಾತ್ರ ನಿಗದಿತ ದರಕ್ಕೆ ಆಯಾ ಊರಿನ ಸಂಘಕ್ಕೇ ಕೊಡಲಿ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಲೆಕ್ಕ ಕೇಳಲಿ. ನಮ್ಮ ಕೆರೆಯ ಈಗಿನ ಗುತ್ತಿಗೆ ಬರುವ ಜೂನ್‌ಗೆ ಮುಗಿಯುತ್ತದೆ. ಮತ್ತೆ ಹರಾಜು ಕೂಗುವ ಮೊದಲು ಅಧಿಕಾರಿಗಳು ಒಂದು ದಿನ ಬೆಳಗಿನ ಐದು ಗಂಟೆಗೆ ಕೆರೆ ಏರಿಯ ಮೇಲೆ ಬಂದು ನಮ್ಮ ಮಾತು ಕೇಳಬೇಕೆಂದು ವಿನಂತಿಸುತ್ತೇನೆ.

– ಮೀನುಗಾರರ ಸಹಕಾರ ಸಂಘದ ಮಾಜಿ ಕಾರ್ಯದರ್ಶಿ, ಕೋಲಾರ ತಾಲ್ಲೂಕು