ಬಿಳಿನೊಣಕ್ಕೆ ವರ್ಷವಿಡೀ ಮೇವು ಒದಗಿಸುತ್ತಿರುವ ಬೆಳೆ ಸರಣಿ

ಮಾನ್ಯ ಸಂಪಾದಕರೇ,

ಟೊಮೆಟೊ ಅಥವಾ ಮೆಣಸಿನ ಗಿಡದಲ್ಲಿ ಎಲೆ ಮುಟುರು ರೋಗ ಕಾಣಿಸಿಕೊಂಡಾಗಲೆಲ್ಲ ಹಿರಿಯೂರು, ಚಳ್ಳಕೆರೆ ಕಡೆಯ ರೈತರಿಗೆ ಸಿಗುವ ಸಲಹೆ ಒಂದೇ: ಆ ರೋಗದ ನಂಜನ್ನು (ವೈರಸ್) ಹರಡುವ ಬಿಳಿನೊಣಕ್ಕೆ ಔಷಧಿ ಹೊಡೆಯಿರಿ. ಯಾವ ಔಷಧಿ, ಲೀಟರ್ ನೀರಿಗೆ ಎಷ್ಟು ಎಂಬುದನ್ನು ಅಂಗಡಿಯವರೂ ಅಧಿಕಾರಿಗಳೂ ಬಾಯಿಪಾಠದಂತೆ ಒಪ್ಪಿಸುತ್ತಾರೆ. ಆದರೆ ಆ ನೊಣ ನಮ್ಮ ಹೊಲಕ್ಕೆ ಬರುವ ಮುನ್ನ ಯಾವ ಗಿಡದ ಮೇಲೆ ಬೆಳೆಯಿತು, ನಮ್ಮ ಬೆಳೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ.

1889ರಲ್ಲಿ ಗ್ರೀಸ್ ದೇಶದ ತಂಬಾಕಿನ ಗಿಡದ ಮೇಲೆ ಮೊದಲು ಗುರುತಿಸಲಾದ ಈ ಕೀಟ, ಬೆಮಿಸಿಯಾ ಟಬಾಸಿ, ಈಗ 600ಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಬದುಕಬಲ್ಲದು. ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಹತ್ತಿ, ಸೂರ್ಯಕಾಂತಿ, ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಬೀನ್ಸ್, ಅಲಸಂದೆ, ಹೆಸರು, ಉದ್ದು, ಕುಂಬಳ, ಸೌತೆ ಎಲ್ಲವೂ ಅದಕ್ಕೆ ಆಗಿಬರುತ್ತವೆ. ಮೆಕ್ಕೆಜೋಳ, ಜೋಳ, ಸಜ್ಜೆ ಅಷ್ಟಾಗಿ ಒಗ್ಗುವುದಿಲ್ಲ. ಹಿಂದೆ ಮಳೆಯಾಶ್ರಿತ ಬೇಸಾಯವೇ ಹೆಚ್ಚಿದ್ದಾಗ ಬೇಸಿಗೆಯಲ್ಲಿ ಹೊಲಗಳು ಬೋಳಾಗಿ, ನೊಣದ ಸಂತತಿ ತಾನಾಗಿಯೇ ಕುಗ್ಗುತ್ತಿತ್ತು. ಈಗ ಕೊಳವೆಬಾವಿ, ಹನಿ ನೀರಾವರಿ ಬಂದಿವೆ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದ ಮೇಲೆ ನೀರಿನ ಭರವಸೆಯೂ ಹೆಚ್ಚಿದೆ. ಇದು ಸಂತೋಷದ ಸಂಗತಿಯೇ. ಆದರೆ ಮುಂಗಾರಿನ ಹತ್ತಿ ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ಟೊಮೆಟೊ, ಟೊಮೆಟೊ ಮುಗಿಯುವ ಹೊತ್ತಿಗೆ ಬೇಸಿಗೆಯ ಬದನೆ, ಬೆಂಡೆ ಹೀಗೆ ಒಂದಾದ ಮೇಲೊಂದು ಹಸಿರು ಸಿಗುತ್ತಿರುವುದರಿಂದ, ಬಿಸಿಲಿನ ದಿನಗಳಲ್ಲಿ ಸುಮಾರು ಮೂರು ವಾರಕ್ಕೊಂದು ಪೀಳಿಗೆ ಮುಗಿಸುವ ಈ ಕೀಟಕ್ಕೆ ಉಪವಾಸದ ತಿಂಗಳೇ ಇಲ್ಲದಂತಾಗಿದೆ.

ಇದರಲ್ಲಿ ಬದನೆಯ ಪಾತ್ರ ಬಹಳ ಮಂದಿಯ ಗಮನಕ್ಕೆ ಬಂದಿಲ್ಲ. ಬೆಳಗಿನ ತಂಪಿನಲ್ಲಿ, ನೊಣಗಳಿಗೆ ಹಾರುವ ಚುರುಕು ಬರುವ ಮುನ್ನ, ಬದನೆಯ ಕೆಳಗಿನ ಎಲೆಯೊಂದನ್ನು ತಿರುವಿ ನೋಡಿದರೆ ನರಗಳ ಪಕ್ಕದಲ್ಲಿ ಅಂಟಿಕೊಂಡ, ಚಲಿಸದ, ತಿಳಿ ಹಳದಿಯ ಚಪ್ಪಟೆ ಮರಿಗಳು ಕಾಣುತ್ತವೆ. ಅವುಗಳ ನಡುವೆ ನೊಣ ಹೊರಬಿದ್ದು ಹೋದ ಬಿಳಿಯ ಖಾಲಿ ಪೊರೆಗಳೂ ಇರುತ್ತವೆ. ಭೂತಗನ್ನಡಿ ಹಿಡಿದರೆ ಪೊರೆಯ ಬೆನ್ನು ಸೀಳಿರುವುದು ಗೊತ್ತಾಗುತ್ತದೆ. ಇಷ್ಟೆಲ್ಲ ಇದ್ದರೂ ಗಿಡ ದಷ್ಟಪುಷ್ಟವಾಗಿಯೇ ಇರುತ್ತದೆ. ಟೊಮೆಟೊವನ್ನು ಹಾಳುಮಾಡುವ ಎಲೆ ಮುಟುರು ನಂಜು ಬದನೆಯಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದಿಲ್ಲವಾದ್ದರಿಂದ, ಕಾಯಿ ಕೊರಕ ಹುಳುವಿಗೆ ಮಾತ್ರ ಔಷಧಿ ಹೊಡೆದು ಬೆಳೆಗಾರ ಸುಮ್ಮನಾಗುತ್ತಾನೆ. ಹಾಗೆ ಹೊಡೆಯುವ ಪೈರಿಥ್ರಾಯ್ಡ್ ಜಾತಿಯ ಔಷಧಿಗಳು ಬಿಳಿನೊಣವನ್ನು ತಿನ್ನುವ ಮಿತ್ರಕೀಟಗಳನ್ನು ಕೊಂದು ನೊಣವನ್ನು ಮತ್ತಷ್ಟು ಹೆಚ್ಚಿಸುತ್ತವೆ. ಅಲ್ಲಿ ಹುಟ್ಟಿದ ನೊಣ ರೋಗ ತಗುಲಿದ ಟೊಮೆಟೊ ಗಿಡದ ರಸವನ್ನು ಅರ್ಧ ಗಂಟೆ ಹೀರಿದರೂ ಸಾಕು, ನಂಜನ್ನು ಹೆಚ್ಚುಕಡಿಮೆ ಬದುಕಿರುವವರೆಗೂ ಹೊತ್ತು ತಿರುಗುತ್ತದೆ. ನಮ್ಮ ಕಡೆಯ ಹತ್ತಿಯ ಕಥೆಯೂ ಇಂಥದ್ದೇ. ಉತ್ತರ ಭಾರತದಲ್ಲಿ ಕಾಣುವಷ್ಟು ಎಲೆ ಮುಟುರು ಇಲ್ಲಿನ ಹತ್ತಿಯಲ್ಲಿ ಇಲ್ಲ, ಆದ್ದರಿಂದ ಅದರ ಮೇಲಿನ ಬಿಳಿನೊಣದ ಬಗ್ಗೆ ಯಾರಿಗೂ ಅಷ್ಟು ಆತಂಕವಿಲ್ಲ. ಬಿಟಿ ಹತ್ತಿಯ ಗುಣ ಕಾಯಿಕೊರಕಕ್ಕೆ ಮಾತ್ರ ಸಂಬಂಧಿಸಿದ್ದು, ರಸ ಹೀರುವ ಕೀಟವನ್ನು ಅದು ತಡೆಯುವುದಿಲ್ಲ ಎಂಬುದನ್ನೂ ಬಿತ್ತನೆ ಕಾಲದಲ್ಲಿ ಬಿಡಿಸಿ ಹೇಳುವವರು ಕಡಿಮೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಬೆಲೆ ಬಿದ್ದಾಗ ಹಾಗೆಯೇ ಬಿಟ್ಟ ಟೊಮೆಟೊ ಹೊಲ. ಕಿತ್ತ ಕೂಲಿಯೂ ಹುಟ್ಟದಿದ್ದಾಗ ರೈತ ಹೊಲದ ಕಡೆ ತಲೆ ಹಾಕುವುದಿಲ್ಲ. ಅವನನ್ನು ದೂರುವಂತೆಯೂ ಇಲ್ಲ. ಆದರೆ ರೋಗ ತುಂಬಿದ ಆ ಗಿಡಗಳು ತಿಂಗಳುಗಟ್ಟಲೆ ನಿಂತಿದ್ದು, ಆಚೆ ಬದಿಯಲ್ಲಿ ಹೊಸದಾಗಿ ನಾಟಿ ಮಾಡಿದ ಸಸಿಗೆ ನೊಣವನ್ನೂ ನಂಜನ್ನೂ ಒಟ್ಟಿಗೇ ಕಳಿಸುತ್ತವೆ. ಎಳೆಯ ಸಸಿಗೆ ನಂಜು ತಗುಲಿದ ಮೇಲೆ ಯಾವ ಔಷಧಿಯೂ ಅದನ್ನು ವಾಸಿ ಮಾಡಲಾರದು. ಹಳೆಯ ಗಿಡವನ್ನು ಸುಮ್ಮನೆ ಕಿತ್ತು ಬದುವಿನ ಮೇಲೆ ಎಸೆದರೂ ನೊಣ ಎದ್ದು ಪಕ್ಕದ ಹೊಲಕ್ಕೇ ಹೋಗುತ್ತದೆ. ಬೇವಿನ ಎಣ್ಣೆಯನ್ನೋ ಶಿಫಾರಸು ಮಾಡಿದ ಬೇರೆ ಔಷಧಿಯನ್ನೋ ಮೊದಲು ಸಿಂಪಡಿಸಿ, ಆಮೇಲೆ ಕಿತ್ತು ಗುಂಡಿಗೆ ಹಾಕಿ ಮುಚ್ಚಬೇಕು. ಬದುವಿನ ಮೇಲಿನ ಪಾರ್ಥೇನಿಯಂ, ತುತ್ತಿ ಗಿಡಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟು ತಿಳಿದಿದ್ದರೂ ಕೆಲಸ ನಡೆಯದಿರಲು, ನನ್ನ ಅಭಿಪ್ರಾಯದಲ್ಲಿ, ಇಲಾಖೆಗಳ ಹಂಚಿಕೆಯೇ ಮುಖ್ಯ ಕಾರಣ. ಹತ್ತಿ, ಸೂರ್ಯಕಾಂತಿ, ಹೆಸರು ಕೃಷಿ ಇಲಾಖೆಯ ಪಾಲು. ಟೊಮೆಟೊ, ಮೆಣಸಿನಕಾಯಿ, ಬದನೆ ತೋಟಗಾರಿಕೆ ಇಲಾಖೆಯ ಪಾಲು. ಒಂದೇ ನೊಣ ಎರಡೂ ಕಡೆಯ ಬೆಳೆಯ ಮೇಲೆ ಬದುಕುತ್ತಿದ್ದರೂ ಸಲಹೆ ಮಾತ್ರ ಬೆಳೆಗೊಂದರಂತೆ ಬೇರೆ ಬೇರೆ ಬರುತ್ತದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿಯೂ ದಾವಣಗೆರೆಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅವು ಎರಡೂ ಇಲಾಖೆಗಳನ್ನು ಕೂರಿಸಿ, ಹೋಬಳಿವಾರು ಯಾವ ತಿಂಗಳಲ್ಲಿ ಯಾವ ಆಶ್ರಯ ಬೆಳೆ ಹೊಲದಲ್ಲಿರುತ್ತದೆ ಎಂಬ ಪಟ್ಟಿಯನ್ನು ಮಾಡಿಸಿ, ರೈತ ಸಂಪರ್ಕ ಕೇಂದ್ರದ ಗೋಡೆಗೆ ಹಚ್ಚಿದರೆ ಅರ್ಧ ಕೆಲಸ ಆದಂತೆಯೇ. 2015ರಲ್ಲಿ ಪಂಜಾಬಿನ ಹತ್ತಿ ಬೆಳೆಯನ್ನು ಬಿಳಿನೊಣ ನೆಲಕಚ್ಚಿಸಿದಾಗ ರೈತರು ಔಷಧಿ ಹೊಡೆಯದೇ ಇದ್ದವರೇನಲ್ಲ; ಮತ್ತೆ ಮತ್ತೆ ಹೊಡೆದೂ ಸೋತವರು.

ತಳಿಯ ವಿಷಯದಲ್ಲಿ ಒಂದಿಷ್ಟು ಅನುಕೂಲವಿದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುಟುರನ್ನು, ಅರ್ಕಾ ಅನಾಮಿಕ ಬೆಂಡೆ ಹಳದಿ ನಂಜನ್ನು ತಡೆದುಕೊಳ್ಳುವಂತೆ ರೂಪಿಸಿದ ತಳಿಗಳು. ಆದರೆ ರೋಗ ತಡೆಯುವ ಗಿಡವೂ ನೊಣಕ್ಕೆ ಮೇವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ತೆಂಗಿನ ಗರಿಯ ಮೇಲೆ ಬಿಳಿ ಮೇಣದ ಸುರುಳಿಯನ್ನೂ ಕಪ್ಪು ಬೂಷ್ಟನ್ನೂ ಉಂಟುಮಾಡುವ ಬಿಳಿನೊಣ ಬೇರೆಯದೇ ಜಾತಿ ಎಂಬುದನ್ನು ಹೊಸದುರ್ಗದ ತೆಂಗು ಬೆಳೆಗಾರರ ಸಲುವಾಗಿ ಇಲ್ಲಿಯೇ ಹೇಳಬೇಕು. ಅದು 2016ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡು ಇತ್ತ ಹಬ್ಬಿದ್ದು. ಅದರ ಮರಿಗಳೊಳಗೆ ಮೊಟ್ಟೆ ಇಡುವ ಎನ್ಕಾರ್ಸಿಯಾ ಎಂಬ ಸಣ್ಣ ಕಣಜವನ್ನು ಉಳಿಸಿಕೊಳ್ಳಲು ಅಲ್ಲಿ ಔಷಧಿಯನ್ನೇ ಹೊಡೆಯದಿರುವುದು ಮೇಲು. ಟೊಮೆಟೊಗೆ ಹೇಳಿದ ಸಲಹೆಯನ್ನು ತೆಂಗಿಗೂ ಅನ್ವಯಿಸುವ ಗೊಂದಲ ಸಾಕಷ್ಟಿದೆ.

ಈ ವರ್ಷದ ಬೇಸಿಗೆ ನಾಟಿಗೆ ಮುನ್ನ, ಕೊಯ್ಲು ಮುಗಿದ ಟೊಮೆಟೊ ಮತ್ತು ಬದನೆ ಗಿಡಗಳನ್ನು ತೆಗೆಸಲು ಗ್ರಾಮಕ್ಕೊಂದು ಕೊನೆಯ ದಿನಾಂಕ ಗೊತ್ತುಮಾಡಿ, ಬೆಲೆ ಸಿಗದೆ ಹೊಲ ಬಿಟ್ಟವರಿಗೆ ಕೀಳುವ ಕೂಲಿಯ ಒಂದು ಪಾಲನ್ನಾದರೂ ಭರಿಸುವ ವ್ಯವಸ್ಥೆಯನ್ನು ಜಿಲ್ಲಾಡಳಿತ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಒಬ್ಬ ತರಕಾರಿ ಬೆಳೆಗಾರ, ಐಮಂಗಲ ಹೋಬಳಿ, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ